ಔಷಧದ ಬೆಲೆ, ಬೆಟ್ಟದ ಅಳತೆ, ಭತ್ತದ ಬೀಜ

ಲೆನಕಾಪವಿರ್ ಎಂಬ ಔಷಧವನ್ನು ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚಿಸಿಕೊಂಡರೆ ಸಾಕು, ಎಚ್‌ಐವಿ ಸೋಂಕಿನಿಂದ ಬಹುಪಾಲು ಪೂರ್ಣ ರಕ್ಷಣೆ ಸಿಗುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದ ಪ್ರಯೋಗದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಾಗ ಗಿಲಿಯಡ್ ಕಂಪನಿ ಇಟ್ಟ ಬೆಲೆ ವರ್ಷಕ್ಕೆ 28,218 ಡಾಲರ್. ಅಂದರೆ 24 ಲಕ್ಷ ರೂಪಾಯಿಗೂ ಮೇಲೆ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬೆಲೆ ಹೊರಬಿತ್ತು: ವರ್ಷಕ್ಕೆ 40 ಡಾಲರ್, ನಮ್ಮ ದುಡ್ಡಿನಲ್ಲಿ ಸುಮಾರು ಮೂರೂವರೆ ಸಾವಿರ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಈ ಬೆಲೆಗೆ 120 ದೇಶಗಳಿಗೆ ಪೂರೈಸಲಿವೆ. ಅದೇ ಔಷಧ, ಅದೇ ಪ್ರಮಾಣ. ಬೆಲೆಯಲ್ಲಿ ಏಳುನೂರು ಪಟ್ಟು ಅಂತರ.

ವಿಜ್ಞಾನದ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಎರಡು ಸಂಗತಿ. ಬೆಲೆ ಎಷ್ಟು? ಅದರ ದತ್ತಾಂಶ ಯಾರ ಕೈಗೆ ಸಿಗುತ್ತದೆ? ಹೊಸದೇನು ಕಂಡುಹಿಡಿದರು ಎಂಬುದನ್ನು ತಲೆಬರಹವೇ ಹೇಳಿಬಿಡುತ್ತದೆ. ಈ ಎರಡು ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಸುದ್ದಿಯ ಕೊನೆಯ ಪ್ಯಾರಾದಲ್ಲಿರುತ್ತದೆ, ಕೆಲವೊಮ್ಮೆ ಅಲ್ಲಿಯೂ ಇರುವುದಿಲ್ಲ.

ಏಡ್ಸ್ ಔಷಧಗಳ ವಿಷಯದಲ್ಲಿ ಬೆಲೆಯದು ಹಳೆಯ ಜಗಳ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ಮಿಶ್ರಣವನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಘೋಷಿಸಿದಾಗ ಪಶ್ಚಿಮದ ಕಂಪನಿಗಳು ಅದಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ತೆಗೆದುಕೊಳ್ಳುತ್ತಿದ್ದವು. ಹಾಗೆ ಘೋಷಿಸುವ ಧೈರ್ಯದ ಹಿಂದೆ 1970ರ ನಮ್ಮ ಪೇಟೆಂಟ್ ಕಾಯ್ದೆಯಿತ್ತು. ಔಷಧದ ಮೇಲೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಎಂದಿದ್ದ ಕಾಯ್ದೆ ಅದು. ಆ ಬಾಗಿಲು 2005ರಲ್ಲಿ ಮುಚ್ಚಿತು. ಹಾಗಾಗಿ ಈಗಿನ 40 ಡಾಲರ್ ಬೆಲೆ ನಮ್ಮ ಕಾನೂನಿನ ಬಲದಿಂದ ಬಂದದ್ದಲ್ಲ, ಪೇಟೆಂಟ್ ಹಿಡಿದ ಕಂಪನಿ ತಾನಾಗಿ ಕೊಟ್ಟ ಪರವಾನಗಿಯಿಂದ ಬಂದದ್ದು. ಯಾವ ದೇಶಕ್ಕೆ ಸಿಗಬೇಕು, ಯಾವುದಕ್ಕೆ ಬೇಡ ಎಂದು ಪಟ್ಟಿ ಮಾಡಿದ್ದೂ ಆ ಕಂಪನಿಯೇ. ಬ್ರೆಜಿಲ್, ಅರ್ಜೆಂಟೀನಾ, ಮೆಕ್ಸಿಕೊ, ಪೆರು ಆ ಪಟ್ಟಿಯಲ್ಲಿಲ್ಲ. ಈ ನಾಲ್ಕೂ ದೇಶಗಳ ಜನ ಇದೇ ಔಷಧದ ಪ್ರಯೋಗಕ್ಕೆ ತಮ್ಮ ಮೈ ಒಡ್ಡಿದ್ದರು. ಮೈ ಒಡ್ಡಿದವರ ನಾಡಿಗೇ ಅಗ್ಗದ ಮದ್ದು ಇಲ್ಲವೆನ್ನುವುದು ಅನ್ಯಾಯ. ಅದಕ್ಕೆ ಬೇರೆ ಹೆಸರಿಲ್ಲ.

ಭಾರತ ಪಟ್ಟಿಯಲ್ಲಿದೆ. ಹಾಗಿದ್ದ ಮೇಲೆ ಇಲ್ಲಿನ ಪ್ರಶ್ನೆ ಔಷಧ ಯಾವಾಗ, ಯಾರ ಮೂಲಕ ಬರುತ್ತದೆ ಎಂಬುದು. ಕರ್ನಾಟಕಕ್ಕೆ ಈ ಕೆಲಸದ ಅನುಭವವಿದೆ. ಮೈಸೂರಿನ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆಯಾದ ಆಶೋದಯ ಸಮಿತಿ, ಸೋಂಕು ತಡೆಯುವ ದಿನಕ್ಕೊಂದು ಮಾತ್ರೆಯ ಪ್ರಯೋಗವನ್ನು ಸುಮಾರು ಹತ್ತು ವರ್ಷದ ಹಿಂದೆಯೇ ನಡೆಸಿತ್ತು. ದಿನವೂ ಮಾತ್ರೆ ನುಂಗುವುದೆಂದರೆ ಡಬ್ಬಿಯನ್ನು ಮನೆಯಲ್ಲಿ ಬಚ್ಚಿಡಬೇಕು, ಕಂಡವರ ಪ್ರಶ್ನೆಗೆ ಉತ್ತರ ಹೇಳಬೇಕು. ವರ್ಷಕ್ಕೆ ಎರಡು ಚುಚ್ಚುಮದ್ದಾದರೆ ಆ ಕಷ್ಟವಿಲ್ಲ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಎಚ್‌ಐವಿ ಏನು ಮಾಡಿತೆಂದು ಕಂಡವರು ಈ ಚುಚ್ಚುಮದ್ದು ಬೇಕೆಂದು ಸರ್ಕಾರಕ್ಕೆ ಈಗಲೇ ಬೇಡಿಕೆ ಇಡಬೇಕು. 2027 ದೂರವಿಲ್ಲ.

ಬೆಲೆಯ ಮಾತು ಬಂದದ್ದಕ್ಕೆ ಜೀನ್ ಚಿಕಿತ್ಸೆಯ ಎರಡು ಸುದ್ದಿಗಳನ್ನೂ ಸೇರಿಸುತ್ತೇನೆ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಶಿಶುವಿಗಾಗಿಯೇ, ಆ ಶಿಶುವಿನ ಜೀನಿನಲ್ಲಿದ್ದ ಒಂದು ಅಕ್ಷರದ ತಪ್ಪನ್ನು ತಿದ್ದುವ ಔಷಧ ತಯಾರಾಯಿತು. ದೇಹದಲ್ಲಿ ಅಮೋನಿಯ ಸೇರಿಕೊಂಡು ಮಿದುಳನ್ನು ಹಾಳುಗೆಡಹುವ, ಹದಿಮೂರು ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ ಅದು. ಕಿರಣ್ ಮುಸುನುರು ಮತ್ತು ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ತಂಡ ಆರೇ ತಿಂಗಳಲ್ಲಿ ಔಷಧ ರೂಪಿಸಿ 2025ರ ಫೆಬ್ರುವರಿಯಲ್ಲಿ ಮೊದಲ ಡೋಸ್ ಕೊಟ್ಟಿತು. ಮಗು ಚೇತರಿಸಿಕೊಂಡಿತು. ಇಡೀ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಬೇಕಾದ ಮದ್ದನ್ನು ಮಾರುಕಟ್ಟೆ ಎಂದೂ ತಯಾರಿಸುವುದಿಲ್ಲ. ಆಸ್ಪತ್ರೆ, ವಿಶ್ವವಿದ್ಯಾಲಯ, ಸರ್ಕಾರದ ಅನುದಾನ ಸೇರಿದ್ದರಿಂದ ಇದು ಸಾಧ್ಯವಾಯಿತು.

ಇನ್ನೊಂದು ಸುದ್ದಿ ದಿಲ್ಲಿಯದು. ಸಿಎಸ್‌ಐಆರ್‌ನ ಜೀನೋಮಿಕ್ಸ್ ಸಂಸ್ಥೆ ಕುಡುಗೋಲು ಕಣ (ಸಿಕಲ್ ಸೆಲ್) ರಕ್ತರೋಗಕ್ಕೆ, ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಚಿಕಿತ್ಸೆಯೊಂದನ್ನು ಸಿದ್ಧಪಡಿಸಿ, ಬಿರ್ಸಾ ಮುಂಡಾ ಹೆಸರಿನಲ್ಲಿ ‘ಬಿರ್ಸಾ 101’ ಎಂದು ಕರೆದು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಇದೇ ರೋಗಕ್ಕೆ ಅಮೆರಿಕದಲ್ಲಿ ಸಿಗುವ ಕ್ಯಾಸ್‌ಗೆವಿ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ನಮ್ಮದು ಅದರ ಸಣ್ಣ ಪಾಲಿಗೆ ಸಿಕ್ಕರೆ ದೊಡ್ಡ ಮಾತೇ. ಆದರೆ ರೋಗಿಗಳ ಮೇಲಿನ ಪ್ರಯೋಗಗಳು ಇನ್ನೂ ಆಗಬೇಕಿವೆ. ಈ ಬಗೆಯ ಚಿಕಿತ್ಸೆಯಲ್ಲಿ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮತ್ತೆ ದೇಹಕ್ಕೆ ಸೇರಿಸಬೇಕು; ವಾರಗಟ್ಟಲೆ ದೊಡ್ಡ ಆಸ್ಪತ್ರೆಯಲ್ಲಿರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ರೋಗವಿದೆ. ಅವರಲ್ಲೊಬ್ಬರಿಗೆ ಅಲ್ಲಿಯವರೆಗೆ ಬೇಕಾದದ್ದು ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಗುಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಪ್ರತಿ ತಿಂಗಳು. ಹೊಸ ಚಿಕಿತ್ಸೆಯ ಸಂಭ್ರಮದಲ್ಲಿ ಈ ಗುಳಿಗೆಯ ಪೂರೈಕೆ ಮರೆಯಬಾರದು.

ಈಗ ಬೆಟ್ಟಕ್ಕೆ ಬರೋಣ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮಣ್ಣು ಗಂಗಾವಳಿ ನದಿಗೆ ನುಗ್ಗಿದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳೂ ನೆಲಸಮವಾದವು. ಎರಡು ವಾರದ ಬಳಿಕ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೆಸರಿನಡಿ ಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ವರ್ಷ ತುಂಬಿದ ದಿನ, 2025ರ ಜುಲೈ 30ರ ಸಂಜೆ 5.40ಕ್ಕೆ, ಶ್ರೀಹರಿಕೋಟದಿಂದ ನಿಸಾರ್ ಉಪಗ್ರಹ ಮೇಲೇರಿತು. ದಿನಾಂಕ ಹೊಂದಿದ್ದು ಕಾಕತಾಳೀಯ. ಆದರೆ ಆ ಉಪಗ್ರಹ ಅಳೆಯಲು ಹೊರಟ ಸಂಗತಿಗಳಲ್ಲಿ ಜಾರುವ ಗುಡ್ಡವೂ ಒಂದು.

ನಿಸಾರ್ ಎಂದರೆ ನಾಸಾ ಮತ್ತು ಇಸ್ರೊ ಒಂದೊಂದು ರೇಡಾರ್ ಕೊಟ್ಟು ಕೂಡಿ ಕಟ್ಟಿದ ಉಪಗ್ರಹ. ಸುಮಾರು 2,400 ಕಿಲೋ ತೂಕ, ಬಿಚ್ಚಿದರೆ 12 ಮೀಟರ್ ಅಗಲವಾಗುವ ಬಲೆಯಂಥ ಆಂಟೆನಾ. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾ ಪ್ರಯೋಗಾಲಯ ಜೆಪಿಎಲ್‌ನಲ್ಲಿ ಎರಡೂ ರೇಡಾರ್‌ಗಳನ್ನು ಜೋಡಿಸಿ 2023ರ ಮಾರ್ಚ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ತಂದರು. ಉಪಗ್ರಹ ಪೂರ್ಣರೂಪ ಪಡೆದದ್ದು ಇಲ್ಲಿ. ಬಳಿಕ ಬಿಸಿಲಿನ ಶಾಖ ತಡೆಯುವ ಲೇಪನಕ್ಕೆಂದು ಆಂಟೆನಾವನ್ನು ಮತ್ತೆ ಅಮೆರಿಕಕ್ಕೆ ಕಳಿಸಬೇಕಾಯಿತು. ಹಾಗಾಗಿ ಉಡಾವಣೆ ತಡವಾಯಿತು. ತಡವಾದದ್ದಕ್ಕೆ ಬೇಸರವಿಲ್ಲ, ಆಕಾಶಕ್ಕೆ ಹೋದ ಮೇಲೆ ರಿಪೇರಿಯಿಲ್ಲ.

ಇದರ ಕೆಲಸದ ಬಗೆ ಸೊಗಸಾಗಿದೆ. ಸುಮಾರು 747 ಕಿಲೋಮೀಟರ್ ಎತ್ತರದಿಂದ ನೆಲಕ್ಕೆ ರೇಡಿಯೊ ಅಲೆ ಬಿಡುತ್ತದೆ, ಮರಳಿ ಬಂದದ್ದನ್ನು ದಾಖಲಿಸುತ್ತದೆ. ಹನ್ನೆರಡು ದಿನದ ಮೇಲೆ ಹೆಚ್ಚುಕಡಿಮೆ ಅದೇ ಜಾಗದಿಂದ ಅದೇ ನೆಲಕ್ಕೆ ಮತ್ತೆ ಅಲೆ. ಈ ನಡುವೆ ನೆಲ ಒಂದು ಸೆಂಟಿಮೀಟರಿನಷ್ಟು ಸರಿದಿದ್ದರೂ ಎರಡು ಅಲೆಗಳ ಏರಿಳಿತ ಹೊಂದುವುದಿಲ್ಲ. ಆ ಹೊಂದದಿರುವಿಕೆಯನ್ನು ಲೆಕ್ಕಹಾಕಿದರೆ ಗುಡ್ಡ ಎಷ್ಟು ಕದಲಿತೆಂದು ತಿಳಿಯುತ್ತದೆ. ಮೋಡವಿದ್ದರೂ ಸರಿ, ರಾತ್ರಿಯಾದರೂ ಸರಿ. ನಾಸಾ ಕೊಟ್ಟ ರೇಡಾರಿನ ಅಲೆ 24 ಸೆಂಟಿಮೀಟರ್ ಉದ್ದದ್ದು, ಎಲೆಗಳ ನಡುವೆ ನುಸುಳಿ ನೆಲ ಮುಟ್ಟಬಲ್ಲದು. ಮಳೆಗಾಲವಿಡೀ ಮೋಡ ಕವಿದಿರುವ, ವರ್ಷವಿಡೀ ಹಸಿರು ಮುಚ್ಚಿರುವ ಸಹ್ಯಾದ್ರಿಗೆ ಇದಕ್ಕಿಂತ ಒಪ್ಪುವ ಕಣ್ಣು ಬೇರಿಲ್ಲ. ಮೊದಲಿನ ಉಪಗ್ರಹಗಳ ಕ್ಯಾಮೆರಾಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಣುತ್ತಿದ್ದದ್ದು ಹೆಚ್ಚಾಗಿ ಬಿಳಿ ಮೋಡವೇ.

ಇದರ ಮಿತಿಯನ್ನೂ ಹೇಳಬೇಕು. ಒಂದೇ ರಾತ್ರಿಯ ಕುಂಭದ್ರೋಣ ಮಳೆಗೆ ಹರಿದುಬರುವ ಕೆಸರನ್ನು ನಿಸಾರ್ ಮುಂಚೆ ಹೇಳಲಾರದು. ತಿಂಗಳುಗಟ್ಟಲೆ ನಿಧಾನ ಜಾರುತ್ತಿರುವ ಇಳಿಜಾರನ್ನು ಮಾತ್ರ ಹೇಳಬಲ್ಲದು. ಯಾವ ಗುಡ್ಡ ಕದಲುತ್ತಿದೆ ಎಂದು ತಿಳಿದಿದ್ದರೆ, ಅಲ್ಲಿ ಮಳೆ ಯಾವ ಮಟ್ಟ ಮುಟ್ಟಿದಾಗ ಜನರನ್ನು ಎಬ್ಬಿಸಬೇಕೆಂದು ನಿರ್ಧರಿಸಬಹುದು. ಮಳೆಯ ಲೆಕ್ಕ ನಮ್ಮಲ್ಲಿ ಈಗಾಗಲೇ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ಇಟ್ಟಿದೆ. ದೇಶದಲ್ಲಿ ಇಂಥ ದಟ್ಟ ಜಾಲ ಹೆಚ್ಚು ಕಡೆ ಇಲ್ಲ. ನಿಸಾರ್ ದತ್ತಾಂಶವೂ ಪುಕ್ಕಟೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎರಡನ್ನೂ ಕೂಡಿಸಿ ಓದಬಲ್ಲವರು ಬೇಕು. ಕೊಡಗು, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲಾಡಳಿತಗಳಲ್ಲಿ ಅದಕ್ಕೆಂದೇ ತರಬೇತಾದ ಒಬ್ಬೊಬ್ಬರನ್ನು ನೇಮಿಸಿಕೊಳ್ಳಲು ತಗಲುವ ವೆಚ್ಚ, ಕುಸಿದ ಹೆದ್ದಾರಿಯ ಮಣ್ಣು ತೆಗೆಯುವ ವೆಚ್ಚದ ಮುಂದೆ ಏನೂ ಅಲ್ಲ. ನೂರೈವತ್ತು ಕೋಟಿ ಡಾಲರ್ ಸುರಿದು ಕಟ್ಟಿದ ಕಣ್ಣು ಕಂಡದ್ದನ್ನು ಓದಲು ಮಡಿಕೇರಿಯಲ್ಲೋ ಕಾರವಾರದಲ್ಲೋ ಯಾರೂ ಇಲ್ಲದಿದ್ದರೆ ಆ ಲೋಪ ನಮ್ಮದೇ.

ಆಕಾಶದ ಸುದ್ದಿಗಳು ಚುಟುಕಾಗಿ. ಚಿಲಿಯ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಹತ್ತು ಗಂಟೆಯಷ್ಟು ವೀಕ್ಷಣೆಯಲ್ಲೇ ಯಾರೂ ಕಾಣದಿದ್ದ 2,104 ಕ್ಷುದ್ರಗ್ರಹಗಳು ಸಿಕ್ಕವು. ಜುಲೈ 1ರಂದು ಚಿಲಿಯಲ್ಲೇ ಇರುವ ಬೇರೊಂದು ದೂರದರ್ಶಕ 3ಐ/ಅಟ್ಲಾಸ್ ಧೂಮಕೇತುವನ್ನು ಗುರುತಿಸಿತು. ಸೌರಮಂಡಲದ ಆಚೆಯಿಂದ ಬಂದು ನಮಗೆ ಕಂಡ ಮೂರನೆಯ ಅತಿಥಿ ಅದು. ಅನ್ಯಲೋಕದ ನೌಕೆ ಎಂಬ ಗುಲ್ಲಿಗೆ ಟಿವಿ ವಾಹಿನಿಗಳು ಕೊಟ್ಟ ಸಮಯದಲ್ಲಿ ಕಾಲುಭಾಗವನ್ನು, ಬೇರೊಂದು ನಕ್ಷತ್ರದ ಸುತ್ತ ರೂಪುಗೊಂಡ ಮಂಜುಗಡ್ಡೆ ನಮ್ಮ ಸೂರ್ಯನ ಶಾಖಕ್ಕೆ ಆವಿಯಾಗುವುದನ್ನು ವಿವರಿಸಲು ಕೊಟ್ಟಿದ್ದರೆ ಮಕ್ಕಳಿಗೆ ಹಬ್ಬವಾಗುತ್ತಿತ್ತು. ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯ ಎಂಬುದು ಎಲ್ಲರಿಗೂ ಗೊತ್ತು. ಅವರು ಅಲ್ಲಿ ಮೊಳಕೆ ಬರಿಸಿದ ಹೆಸರುಕಾಳು ಮತ್ತು ಮೆಂತೆಯ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು ಎಂಬುದು ಇನ್ನಷ್ಟು ಜನಕ್ಕೆ ಗೊತ್ತಾಗಬೇಕು.

ಕೊನೆಯದಾಗಿ ಭತ್ತ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ತಳಿಗಳನ್ನು ಬಿಡುಗಡೆ ಮಾಡಿದರು. ಜೀನ್ ತಿದ್ದಿದ ಭತ್ತ ಜಗತ್ತಿನಲ್ಲಿ ಇದೇ ಮೊದಲು ಎಂದರು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’ ಹುಟ್ಟಿದ್ದು ಸಾಂಬಾ ಮಸೂರಿಯಿಂದ, ಅಂದರೆ ಗಂಗಾವತಿ, ಸಿಂಧನೂರಿನ ರೈತರು ಬಿಪಿಟಿ ಎಂದು ಕರೆಯುವ 5204ರಿಂದ. ತೆನೆಯಲ್ಲಿ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಜೀನ್ ಒಂದನ್ನು ಕ್ರಿಸ್ಪರ್ ಕತ್ತರಿಯಿಂದ ತಿದ್ದಿದ್ದಾರೆ. ಇಳುವರಿ ಶೇಕಡ 19 ಹೆಚ್ಚು, ಕೊಯ್ಲು ಎರಡು-ಮೂರು ವಾರ ಮುಂಚೆ ಎಂಬುದು ಕೃಷಿ ಸಂಶೋಧನಾ ಮಂಡಳಿಯ ಮಾತು. ಇನ್ನೊಂದು ತಳಿ, ದಿಲ್ಲಿಯ ‘ಪೂಸಾ ಡಿಎಸ್‌ಟಿ ರೈಸ್ 1’, ಬರ ಮತ್ತು ಉಪ್ಪು ತಡೆಯುತ್ತದಂತೆ. ಹೊರಗಿನ ಜೀವಿಯ ಜೀನ್ ಇವುಗಳಲ್ಲಿಲ್ಲ. ಈ ಕಾರಣಕ್ಕೆ 2022ರಲ್ಲಿ ಪರಿಸರ ಸಚಿವಾಲಯ ಇಂಥ ಬೆಳೆಗಳನ್ನು ಕುಲಾಂತರಿಗಳ ಬಿಗಿ ನಿಯಮಗಳಿಂದ ಹೊರಗಿಟ್ಟಿತು.

ನನಗೆ ಈ ತಂತ್ರಜ್ಞಾನದ ಭಯವಿಲ್ಲ. ಸಾರ್ವಜನಿಕ ಸಂಸ್ಥೆ, ಸಾರ್ವಜನಿಕ ಹಣದಲ್ಲಿ, ನಮ್ಮ ರೈತರು ಒಪ್ಪಿದ ತಳಿಯ ಮೇಲೆ ಮಾಡಿದ ಕೆಲಸವೆಂಬ ಗೌರವವಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡು ವಾರ ಮುಂಚೆ ಬರುವ ಬೆಳೆಯೆಂದರೆ ಒಂದೋ ಎರಡೋ ಸರದಿ ನೀರು ಉಳಿದಂತೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಒಂದು ಸರದಿ ನೀರಿನ ಬೆಲೆ ಏನೆಂದು ಅಲ್ಲಿಯವರು ಕಂಡಿದ್ದಾರೆ. ಕಾಲುವೆಗೆ ಹೆಚ್ಚು ನೀರು ಬಿಟ್ಟೂ ಬಿಟ್ಟೂ ಸವಳು ಹತ್ತಿದ ಹೊಲಗಳಿಗೆ ಉಪ್ಪು ತಡೆಯುವ ತಳಿ ಬೇಕೇ ಬೇಕು.

ಆದರೆ ಅಂಕಿಗಳು? ಮಂಡಳಿಯದೇ ಪರೀಕ್ಷಾ ವರದಿಗಳಲ್ಲಿ ಇಳುವರಿಯ ಲೆಕ್ಕ ಘೋಷಣೆಗೆ ತಾಳೆಯಾಗುವುದಿಲ್ಲವೆಂದು ಕುಲಾಂತರಿ ವಿರೋಧಿ ಒಕ್ಕೂಟ 2025ರ ಅಕ್ಟೋಬರ್‌ನಲ್ಲಿ ಆರೋಪಿಸಿತು. ಮಂಡಳಿ ಅಲ್ಲಗಳೆಯಿತು. ಇದನ್ನು ಹೇಳಿಕೆ, ಪ್ರತಿಹೇಳಿಕೆಗಳಿಂದ ತೀರ್ಮಾನಿಸಲಾಗದು. ಪ್ರತಿ ತಾಕಿನ, ಪ್ರತಿ ಹಂಗಾಮಿನ ಮೂಲ ಅಂಕಿಗಳನ್ನು ಹೊರಗಿಟ್ಟರೆ ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದರೂ ಒಂದು ವಾರದಲ್ಲಿ ಲೆಕ್ಕ ಹಾಕಿ ಹೇಳಬಲ್ಲ. ಕ್ರಿಸ್ಪರ್ ಕತ್ತರಿಯ ಪೇಟೆಂಟ್ ವಿದೇಶಿ ಸಂಸ್ಥೆಗಳದ್ದು. ಬೀಜ ಮಾರಾಟಕ್ಕಿಳಿದಾಗ ಆ ಹಕ್ಕಿನ ಶುಲ್ಕವನ್ನು ಯಾರು ಭರಿಸುತ್ತಾರೆಂಬುದನ್ನೂ ಮೊದಲೇ ಬರೆದುಕೊಡಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಅಧ್ಯಯನ ಬಹುಕಾಲದಿಂದ ನಡೆಯುತ್ತಿದೆ. ಎರಡೂ ಹೊಸ ತಳಿಗಳನ್ನು ಅಲ್ಲಿ ಬಿಪಿಟಿಯ ಪಕ್ಕದಲ್ಲೇ ಎರಡು ಹಂಗಾಮು ಬೆಳೆಸಲಿ, ಒಂದು ತಾಕು ಒಳ್ಳೆಯ ನೆಲದಲ್ಲಿ, ಒಂದು ತಾಕು ಸವಳಿನಲ್ಲಿ. ಕೊಯ್ಲಿನ ದಿನ ಸುತ್ತಲ ರೈತರನ್ನು ಕರೆದು ಅವರೆದುರೇ ತೂಗಲಿ, ತೂಕವನ್ನು ಕನ್ನಡದಲ್ಲಿ ಪ್ರಕಟಿಸಲಿ. ಬೀಜದ ಚೀಲ ಅಂಗಡಿಗೆ ಬರುವುದು ಅದಾದ ಮೇಲೆ.