ಕ್ವಾಯರ್‌ನಲ್ಲಿ ಖಾಂಡವದ ಉರಿ

ಡಿಸೆಂಬರ್ ಹತ್ತಿರವಾದಂತೆ ಉತ್ತರ ಬೆಂಗಳೂರಿನ ಚರ್ಚುಗಳಲ್ಲಿ ಕ್ವಾಯರ್ ಅಭ್ಯಾಸ ಬಿರುಸಾಗುತ್ತದೆ. ಅರುಣಾ ಸುಂದರ್‌ಲಾಲ್ 1987ರಲ್ಲಿ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇರುವುದೂ ಇಲ್ಲೇ, ಆರ್.ಟಿ. ನಗರದಲ್ಲಿ. ಹಾಡುವ ಕಂಠಗಳಿಗೆ ಈ ಭಾಗದಲ್ಲಿ ಬರವಿಲ್ಲ. ಆ ಕಂಠಗಳು ಏನನ್ನು ಹಾಡಬೇಕು ಎಂಬುದೇ ಈ ತಿಂಗಳ ನಮ್ಮ ಮಾತು.

ವೇಲ್ಸ್‌ನ ಕಾರ್ಲ್ ಜೆಂಕಿನ್ಸ್ ರಚಿಸಿದ 'ದಿ ಆರ್ಮ್ಡ್ ಮ್ಯಾನ್: ಎ ಮಾಸ್ ಫಾರ್ ಪೀಸ್' 2000ದ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಸಿತು. ಕೊಸೊವೊ ಯುದ್ಧದಲ್ಲಿ ನೊಂದವರಿಗೆ ಅದು ಅರ್ಪಿತ. ಚೌಕಟ್ಟು ಕ್ರೈಸ್ತ ಬಲಿಪೂಜೆಯದು. ಆದರೆ ಆರಂಭದಲ್ಲೇ ಅಜಾನ್ ಮೊಳಗುತ್ತದೆ. ನಡುವೆ ರಣಕಹಳೆ ಮೊಳಗುತ್ತದೆ, ಗಾಯಕರೆಲ್ಲ ದಾಳಿಗೆ ನುಗ್ಗಿದವರಂತೆ ಹಾಡುತ್ತಾರೆ, ಹಾಡು ಚೀತ್ಕಾರವಾಗಿ ಒಡೆದು ನಿಲ್ಲುತ್ತದೆ. ಅರ್ಧ ನಿಮಿಷ ಒಂದು ದನಿಯೂ ಇಲ್ಲ. ಆಮೇಲೆ ಹಿರೋಶಿಮಾದ ಬಾಂಬಿಗೆ ಸಿಕ್ಕಿ ಬದುಕುಳಿದ ತೋಗೆ ಸಾಂಕಿಚಿಯ ಕವಿತೆ. ಅದರ ಬೆನ್ನಿಗೇ ನಮ್ಮ ಮಹಾಭಾರತ: ಖಾಂಡವ ವನ ಉರಿಯುವಾಗ ಅರಚುತ್ತ ದಿಕ್ಕಾಪಾಲಾಗುವ ಪ್ರಾಣಿಗಳು, ಮಕ್ಕಳನ್ನೋ ತಂದೆತಾಯಿಯನ್ನೋ ಅಪ್ಪಿಕೊಂಡೇ ಸಾಯುವ ಜೀವಗಳು. ಖಾಂಡವದಹನವೆಂದರೆ ಕೃಷ್ಣಾರ್ಜುನರ ಪರಾಕ್ರಮವೆಂದೇ ಕೇಳುತ್ತ ಬಂದ ನಮಗೆ, ಸುಟ್ಟುಹೋದ ಜೀವಗಳ ಕಡೆಯಿಂದ ಆ ಕಥೆ ಕೇಳಿಸಿದ್ದು ಇಂಥದೊಂದು ಪ್ರಾರ್ಥನೆ.

ಹೀಗೆಯೇ ಅಮೆರಿಕದ ಸಂಗೀತ ರಚನಕಾರ ಜೋಯೆಲ್ ಥಾಂಪ್ಸನ್, ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳ ಮಾದರಿಯಲ್ಲಿ, ನಿರಾಯುಧರಾಗಿದ್ದೂ ಕೊಲೆಯಾದ ಏಳು ಮಂದಿ ಕಪ್ಪು ಜನರ ಕೊನೆಯ ಮಾತುಗಳನ್ನು ಕ್ವಾಯರ್‌ಗೆ ಹೊಂದಿಸಿದರು.

ನೋವನ್ನೂ ನ್ಯಾಯದ ಮಾತನ್ನೂ ಹಾಡಿಗೆ ತರುವುದು ಕನ್ನಡಕ್ಕೆ ಪರಕೀಯವಲ್ಲ. ಮೊಹರಂನಲ್ಲಿ ಕರ್ಬಲಾದ ಹುತಾತ್ಮರ ದುಃಖವನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ರಿವಾಯತ್ ಪದವಾಗಿ ಹಾಡುತ್ತಾರೆ. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ 2019ರ ಆಗಸ್ಟ್‌ನಲ್ಲಿ ಜಿಲ್ಲೆಜಿಲ್ಲೆಗೆ ಒಯ್ದ 'ಮತ್ತೆ ಕಲ್ಯಾಣ' ಅಭಿಯಾನದಲ್ಲಿ ವಚನಗಾಯನವೂ ಸಮಾನತೆಯ ಮಾತೂ ಒಂದೇ ವೇದಿಕೆ ಏರಿದವು.

ನಾಲ್ಕು ದನಿಗಳ ಕ್ವಾಯರ್‌ಗೆಂದೇ ಕನ್ನಡದಲ್ಲಿ ಇಂಥ ಹೊಸ ಕೃತಿಗಳು ಬರಬೇಕು. ಅನುವಾದದಿಂದ ಕೆಲಸ ಸಾಗದು: ಇಂಗ್ಲಿಷಿನ ಧಾಟಿಗೆ ಕನ್ನಡವನ್ನು ಜಗ್ಗಿ ಕೂರಿಸಿದರೆ ಹ್ರಸ್ವವೆಲ್ಲ ದೀರ್ಘವಾಗಿ ಮಾತೇ ಕೆಡುತ್ತದೆ. ಕವಿ ಮೊದಲ ದಿನದಿಂದಲೇ ಕ್ವಾಯರ್ ಮಾಸ್ಟರ್ ಪಕ್ಕ ಕೂರಬೇಕು. ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸತ್ತ ಕಾರ್ಮಿಕರಿಗೊಂದು ಶಾಂತಿಪೂಜೆಯ ಗಾನ ನಮ್ಮ ಊರಿನಲ್ಲೇ ಹುಟ್ಟಬೇಕು, ಕ್ರಿಸ್‌ಮಸ್ ಹಾಡುಗಳಷ್ಟೇ ಶ್ರದ್ಧೆಯಿಂದ ಅದರ ಅಭ್ಯಾಸ ನಡೆಯಬೇಕು. ಯಲಹಂಕದಿಂದ ಯಶವಂತಪುರದವರೆಗಿನ ಕವಿಗಳೇ, ಕ್ವಾಯರ್ ಬಂಧುಗಳೇ, ಬರೆದು ಕಳಿಸಿ. ಪತ್ರಿಕೆಯಲ್ಲಿ ಅದಕ್ಕೆ ಪುಟಗಳನ್ನು ಮೀಸಲಿಟ್ಟಿದ್ದೇವೆ.