ಕಾಯುವವರ ಬೆಳಕು



ಹಬ್ಬವೆಂದರೆ ಹಬ್ಬದ ದಿನ ಮಾತ್ರವಲ್ಲ, ಅದಕ್ಕಾಗಿ ಕಾಯುವ ದಿನಗಳೂ ಹಬ್ಬವೇ ಎಂದು ಹಿರಿಯರು ಹೇಳುವುದುಂಟು. ಈ ಮಾತಿನ ಇನ್ನೊಂದು ಮುಖ ನನಗೆ ಕಂಡದ್ದು ಬಹುದೂರದ ನಾಡೊಂದರಲ್ಲಿ. ಜರ್ಮನಿಯ ಉತ್ತರಕ್ಕೆ, ಬಾಲ್ಟಿಕ್ ಸಮುದ್ರದ ಕೊಲ್ಲಿಯ ದಡದಲ್ಲಿ ವಿಸ್ಮಾರ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ಕ್ರಿಸ್‌ಮಸ್ ಸಂತೆಯಲ್ಲಿ ಕಳೆದ ಒಂದು ಸಂಜೆಯ ವಿಚಾರವನ್ನು ಈ ಸಲ ತಮ್ಮ ಮುಂದಿಡುತ್ತಿದ್ದೇನೆ.

2023ರ ಡಿಸೆಂಬರಿನಲ್ಲಿ ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಶ್ವೇರೀನ್ ನಗರದಲ್ಲಿ. ಅಲ್ಲಿಂದ ವಿಸ್ಮಾರಿಗೆ ರೈಲಿನಲ್ಲಿ ಒಂದು ಗಂಟೆಗೂ ಕಡಿಮೆ ಹಾದಿ. 10ನೆಯ ತಾರೀಖು ಭಾನುವಾರ, ಸಂತೆಗೆ ಹೋಗೋಣವೆಂದು ಮೊಮ್ಮಗಳು ಹಟ ಹಿಡಿದಳು. ನನಗೆ ಮನಸ್ಸಿರಲಿಲ್ಲ. ಮಾಂಸ, ಮದ್ಯ ಮಾರುವ ಕಡೆ ನನಗೇನು ಕೆಲಸವೆಂದು ಬಾಯಲ್ಲಿ ಹೇಳಿದೆ. ಮನಸ್ಸಿನಲ್ಲಿದ್ದ ಕಾರಣ ಬೇರೆ. ಮಗಳು ದೀಪಾವಳಿಗೆ ಊರಿಗೆ ಬಂದು ಹನ್ನೊಂದು ವರ್ಷಗಳಾಗಿದ್ದವು. ನಮ್ಮ ಹಬ್ಬಕ್ಕೆ ರಜೆ ದೊರೆಯದವಳು ಇವರ ಹಬ್ಬಕ್ಕೆ ಇಷ್ಟು ಉತ್ಸಾಹದಿಂದ ಹೊರಡುವಳಲ್ಲ ಎಂಬ ಮುನಿಸು ಒಳಗೇ ಕುದಿಯುತ್ತಿತ್ತು.

ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗಿತ್ತು. ಆ ಉತ್ತರದ ನಾಡಿನಲ್ಲಿ ಡಿಸೆಂಬರಿನ ಹಗಲು ಅಷ್ಟೇ. ಊರ ನಡುವಿನ ಚೌಕ ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ್ದು. ಅದರ ಒಂದು ಬದಿಗೆ 1602ರಲ್ಲಿ ಕಟ್ಟಿ ಮುಗಿಸಿದ ನೀರಿನ ಮಂಟಪ. 1897ರವರೆಗೆ ಊರಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತಿತ್ತಂತೆ. ಅದರ ಸುತ್ತಲೂ ಮರದ ಅಂಗಡಿಗಳು, ಸಾಲುದೀಪಗಳು. ತಾಮ್ರದ ಕೊಪ್ಪರಿಗೆಯಲ್ಲಿ ಸಕ್ಕರೆಯೊಡನೆ ಬಾದಾಮಿ ಹುರಿಯುವ ಪರಿಮಳ ಬಂದಾಗ ನಮ್ಮ ಜಾತ್ರೆಯ ಬೆಂಡು ಬತ್ತಾಸಿನ ಸಾಲು ನೆನಪಾಗದೆ ಇರಲಿಲ್ಲ. ಜೇನು ಬೆರೆಸಿದ ರೊಟ್ಟಿಯಲ್ಲಿ ಏಲಕ್ಕಿಯ ವಾಸನೆ. ನಮ್ಮ ಮಲೆಗಳಲ್ಲಿ ಬೆಳೆಯುವ ವಸ್ತು ಆ ಚಳಿನಾಡಿನ ಹಬ್ಬದ ತಿನಿಸಿಗೆ ಎಂದೋ ಒಗ್ಗಿಹೋಗಿದೆ! ಮೊಮ್ಮಗಳು ಮದ್ಯವಿಲ್ಲದ ಬಿಸಿ ಹಣ್ಣಿನ ರಸ ತಂದುಕೊಟ್ಟಳು. ಕುಡಿದು ಬಟ್ಟಲನ್ನು ಮರಳಿಸಿದರೆ ಮುಂಗಡ ಕೊಟ್ಟ ಹಣ ವಾಪಸು. ಹೀಗಾಗಿ ನೆಲದಲ್ಲಿ ಕಸ ಕಡಿಮೆ. ಈ ಪದ್ಧತಿ ನಮ್ಮ ಜಾತ್ರೆಗಳಿಗೂ ಬರಬಾರದೇಕೆ?

ಇಂಥ ಸಂತೆಗಳಿಗೆ ಅಲ್ಲಿ ದೀರ್ಘ ಇತಿಹಾಸವಿದೆ. ಡ್ರೆಸ್ಡೆನ್ ನಗರದ ಸಂತೆ 1434ರಷ್ಟು ಹಳೆಯದು. ಇವು ನಡೆಯುವುದು ಹಬ್ಬದ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅಡ್ವೆಂಟ್ ಎಂಬ ಕಾಲದಲ್ಲಿ. ಅಂದರೆ ಇದು ಹಬ್ಬದ ಸಂತೆ ಎನ್ನುವುದಕ್ಕಿಂತ ಕಾಯುವ ದಿನಗಳ ಸಂತೆ. ಅಂಗಡಿಯೊಂದರಲ್ಲಿ ಹಸಿರೆಲೆಯ ಬಳೆಯಂಥ ಹಾರದ ಮೇಲೆ ನಾಲ್ಕು ಮೇಣದಬತ್ತಿಗಳಿದ್ದವು. ಅದರ ಕಥೆಯನ್ನು ಮಗಳು ಹೇಳಿದಳು. ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಧರ್ಮೋಪದೇಶಕರು 1833ರಲ್ಲಿ ಬಡಮಕ್ಕಳಿಗೊಂದು ಆಶ್ರಯಧಾಮ ತೆರೆದರು. ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಮಕ್ಕಳು ನಿತ್ಯವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಮರದ ಗಾಲಿಯೊಂದರ ಮೇಲೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದರು. ಇಂದು ಮನೆಮನೆಗಳಲ್ಲಿ ಕಾಣುವ ಹಾರಕ್ಕೆ ಆ ಗಾಲಿಯೇ ಮೂಲ. ತಂದೆತಾಯಿಗಳ ಆಸರೆಯಿಲ್ಲದ ಮಕ್ಕಳ ಕಾತರಕ್ಕೆ ಸಮಾಧಾನವಾಗಿ ಹುಟ್ಟಿದ ಬೆಳಕು ಅದು.

ಬಿಸಿ ರಸ ಹಿಡಿದು ನಿಂತಿದ್ದ ಮೇಜಿಗೆ ವೃದ್ಧೆಯೊಬ್ಬರು ಬಂದರು. ನನ್ನ ಸೀರೆಯ ಮೇಲಿನ ದಪ್ಪ ಕೋಟನ್ನು ನೋಡಿ ನಕ್ಕು ಮಾತಿಗಿಳಿದರು. ಮಗಳು ದುಭಾಷಿಯಾದಳು. ಆಕೆಯ ಪತಿ ಸರಕು ಹಡಗಿನಲ್ಲಿ ನಾವಿಕರಾಗಿದ್ದವರು. ತಿಂಗಳುಗಟ್ಟಲೆ ಬಾರದ ದಿನಗಳಲ್ಲಿ ಆಕೆ ಕಿಟಕಿಯಲ್ಲಿ ದೀಪವಿಡುತ್ತಿದ್ದರಂತೆ. ಪತಿ ಈಗಿಲ್ಲ, ಒಬ್ಬನೇ ಮಗ ಆಸ್ಟ್ರೇಲಿಯದಲ್ಲಿ. ಆಕೆ ದೂರದ ಗೋಪುರವೊಂದನ್ನು ತೋರಿಸಿದರು. ಅದು ಸೇಂಟ್ ಮೇರಿ ಚರ್ಚಿನದು. 1945ರ ಬಾಂಬುದಾಳಿಯಲ್ಲಿ ಜಖಂಗೊಂಡ ಚರ್ಚಿನ ಉಳಿದ ಕಟ್ಟಡವನ್ನು 1960ರಲ್ಲಿ ಕೆಡವಲಾಯಿತು. ಸುಮಾರು 80 ಮೀಟರ್ ಎತ್ತರದ ಗೋಪುರ ಮಾತ್ರ ಉಳಿಯಿತು. ಕಡಲಿನಿಂದ ಮರಳುವ ನಾವಿಕರಿಗೆ ಗುರುತಾಗಿದ್ದ ಗೋಪುರವದು. “ಅದೂ ನನ್ನಂತೆಯೇ. ಮನೆ ಹೋಯಿತು, ಕಾಯುವುದು ಬಿಡಲಿಲ್ಲ” ಎಂದರು ಆಕೆ. ಬಳಿಕ ನನ್ನ ಕೈಹಿಡಿದು ಇನ್ನೇನನ್ನೋ ಹೇಳಿದರು. ಮಗಳು ಅನುವಾದಿಸದೆ ಸುಮ್ಮನಾದಳು. ನಾನು ಒತ್ತಾಯಿಸಿದ ಮೇಲೆ ಮೆಲ್ಲಗೆ ಹೇಳಿದಳು: “ಮಗಳ ಪಕ್ಕದಲ್ಲಿ ನಿಂತಿದ್ದೀರಿ, ನಿಮ್ಮ ಹಬ್ಬ ಆಗಲೇ ಬಂದಿದೆ ಅಂತಾರವ್ವಾ.”

ಹಿಂದಿರುಗುವ ರೈಲಿನಲ್ಲಿ ಮೊಮ್ಮಗಳು ನನ್ನ ತೊಡೆಯ ಮೇಲೆ ನಿದ್ರೆಹೋದಳು. ನಾನೇ ಮಾತು ತೆಗೆದೆ. “ಪ್ರತಿ ದೀಪಾವಳಿಗೆ ನಿನ್ನ ದಾರಿ ಕಾಯುತ್ತೇನೆ, ನಿನಗದು ತಿಳಿಯುವುದಿಲ್ಲ” ಎಂದೆ. ಅವಳು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು. “ನಾನೂ ಕಾಯುತ್ತೇನವ್ವಾ. ಕೆಲಸ ಮುಗಿಸಿ ಬಂದು ಫೋನು ಮಾಡಿದರೆ, ಯಾಕೆ ಬರಲಿಲ್ಲವೆಂಬ ಮಾತೊಂದೇ. ಈ ವರ್ಷ ಏನು ಅಡುಗೆ ಮಾಡಿದಿರಿ, ಯಾರು ಯಾರು ಬಂದಿದ್ದರು, ಹಟ್ಟೆವ್ವನನ್ನು ಎಲ್ಲಿ ಇಟ್ಟಿರಿ ಎಂದು ನೀನು ಹೇಳುವುದನ್ನು ನಾನು ಕಾಯುತ್ತೇನೆ.”

ನನ್ನಲ್ಲಿ ಉತ್ತರವಿರಲಿಲ್ಲ. ಕಾಯುವವಳು ನಾನೊಬ್ಬಳೇ ಎಂದು ಭಾವಿಸಿದ್ದೆ. ಕಾಯುವಿಕೆಯನ್ನು ಬೆಳಕಾಗಿಸಿ ಕಿಟಕಿಯಲ್ಲಿಡುವುದೂ ಸಾಧ್ಯ, ಬೆಂಕಿಯಾಗಿಸಿ ಮಕ್ಕಳ ಮೇಲೆ ಎಸೆಯುವುದೂ ಸಾಧ್ಯ. ಹನ್ನೊಂದು ವರ್ಷ ನಾನು ಮಾಡಿದ್ದು ಎರಡನೆಯದನ್ನು.

ಮರುವರ್ಷದ ದೀಪಾವಳಿಗೂ ಅವಳು ಬರಲಾಗಲಿಲ್ಲ. ಆದರೆ ಆ ರಾತ್ರಿ ಫೋನಿನಲ್ಲಿ ನಾನು ಹೋಳಿಗೆಯ ಹೂರಣದಿಂದ ಹಿಡಿದು ಹಿತ್ತಲಿನ ಚೆಂಡುಹೂವಿನವರೆಗೆ ಎಲ್ಲವನ್ನೂ ಹೇಳಿದೆ. ಒಂದು ಗಂಟೆಯಾದರೂ ಅವಳು ಫೋನು ಇಡಲಿಲ್ಲ. ಅದಕ್ಕೂ ಮೊದಲು ನಮ್ಮದೇ ಓಣಿಯ ಕೊನೆಯ ಮನೆಗೆ ಹೋಳಿಗೆ ಒಯ್ದಿದ್ದೆ. ಮಕ್ಕಳಿಬ್ಬರೂ ಪರದೇಶದಲ್ಲಿರುವ ಹಿರಿಯರು ಅಲ್ಲಿ ಒಬ್ಬರೇ ಇದ್ದಾರೆ. ಇಷ್ಟು ವರ್ಷ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದೆನಾದರೂ, ಅಲ್ಲಿಯೂ ಒಬ್ಬರು ಕಾಯುತ್ತಿರಬಹುದೆಂದು ತಿಳಿಯಲು ನಾನು ಬಾಲ್ಟಿಕ್ ಕಡಲಿನವರೆಗೆ ಹೋಗಿಬರಬೇಕಾಯಿತು.

ತಮ್ಮ ಓಣಿಯಲ್ಲಿಯೂ ಅಂಥದೊಂದು ಬಾಗಿಲಿರಬಹುದು. ಬರುವ ಹಬ್ಬಕ್ಕೆ ಮುಂಚೆ ಒಮ್ಮೆ ತಟ್ಟಿ ನೋಡಿರಿ.