ಚಿತ್ತೆ ಕಳೆದ ಮೇಲೆ ಕೊಡಗು

ಉತ್ತರೆಯ ಮಳೆ ಹಿಂದಾಗಿ ಹಸ್ತ ಕಾಲಿಡುವ ವೇಳೆಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಮನೆಗಳಲ್ಲಿ ಕೊಡಗಿನ ಮಾತು ಏಳುತ್ತದೆ. ಮಕ್ಕಳಿಗೆ ದಸರೆಯ ರಜ. ಯಜಮಾನರಿಗೆ ನಾಲ್ಕು ದಿನದ ಬಿಡುವು. ಮನೆಯ ಹಿರಿಯಾಕೆಗೆ ತಲಕಾವೇರಿಯ ತೀರ್ಥೋದ್ಭವವನ್ನು ಒಮ್ಮೆ ಕಣ್ಣಾರೆ ಕಂಡು ಬರಬೇಕೆಂಬ ಬಹುದಿನದ ಹಂಬಲ. ದೂರವೇನೂ ಹೆಚ್ಚಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ಹಾದು, ಕಾವೇರಿಯ ಸೇತುವೆ ದಾಟಿ ಕುಶಾಲನಗರ ಮುಟ್ಟಿದರೆ ಬೆಟ್ಟಸೀಮೆ ಎದುರಿಗೇ ಇದೆ. ಮಡಿಕೇರಿಗೆ ಒಟ್ಟು ಸುಮಾರು 75 ಕಿಲೋಮೀಟರು. ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮೊದಲೇ ಅಲ್ಲಿರುತ್ತಾರೆ. ಈ ಸಲೀಸೇ ತೊಂದರೆಗೆ ಮೂಲ. ನೆರೆಮನೆಗೆ ಹೋಗುವಷ್ಟು ನಿರಾಳವಾಗಿ ಹೊರಡುವವರು, ತಮ್ಮ ಅಂಗಳ ಒಣಗಿತೆಂದರೆ ಬೆಟ್ಟವೂ ಒಣಗಿತೆಂದೇ ತಿಳಿಯುತ್ತಾರೆ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹುಣಸೂರಿನ ಪಾಲಿಗೆ ಅದರ ಮೂರನೆಯ ಒಂದಂಶವೂ ಬರುವುದಿಲ್ಲ. ತಿಂಗಳುಗಟ್ಟಲೆ ನೀರು ಕುಡಿದ ಮಣ್ಣು, ಮುಗಿಲು ಹರಿದ ಮರುದಿನವೇ ಗಟ್ಟಿಯಾಗುವುದಿಲ್ಲ. ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ನೀರು ಇಳಿಯುತ್ತಲೇ ಇರುತ್ತದೆ. ಅದರ ಮೇಲೆ ಒಂದು ದೊಡ್ಡ ಮಳೆ ಬಿದ್ದರೆ ಸಾಕು, ರಸ್ತೆಗಾಗಿ ಕಡಿದ ದರೆ ಜಾರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಸುತ್ತ ಬೆಟ್ಟಗಳು ಕುಸಿದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕಡಿದುಹೋಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿಯೇ ಗುಡ್ಡ ಜಾರಿ ಅರ್ಚಕರ ಮನೆ ಮಣ್ಣಿನಡಿಯಾಯಿತು. ಭೂವಿಜ್ಞಾನಿಗಳು ಮಳೆಯೊಂದನ್ನೇ ದೂರಲಿಲ್ಲ. ಇಳಿಜಾರನ್ನು ಕಡಿದು ಮನೆ, ಮಾರ್ಗಗಳನ್ನು ಮಾಡಿದ್ದನ್ನೂ ಎತ್ತಿ ಹೇಳಿದರು. ಅದೆಲ್ಲ ಆಗಸ್ಟಿನ ಮಾತು, ಅಕ್ಟೋಬರಿಗೇಕೆ ಎಂದು ಕೇಳುವವರುಂಟು. ಆಗಸ್ಟಿನಲ್ಲಿ ಸಡಿಲವಾದ ದರೆಯೇ ಅಕ್ಟೋಬರಿನಲ್ಲಿಯೂ ದಾರಿಯ ಬದಿಗೆ ನಿಂತಿರುತ್ತದೆ ಎಂಬುದೇ ಅದಕ್ಕೆ ಉತ್ತರ.

ಮಳೆಯೂ ಆಗ ಮುಗಿದಿರುವುದಿಲ್ಲ; ಅದರ ಸ್ವಭಾವ ಮಾತ್ರ ಬದಲಾಗಿರುತ್ತದೆ. ಜುಲೈ ತಿಂಗಳ ಬಿಡದ ಜಡಿ ಹೋಗಿ, ಬೆಳಿಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನ ಮೇಲಾದಂತೆ ಗುಡುಗು ಮಿಂಚು. ಹಸ್ತ ಸೆಪ್ಟೆಂಬರ್ ಕೊನೆಯಿಂದ, ಚಿತ್ತೆ ಅಕ್ಟೋಬರ್ 10ರ ಸುಮಾರಿನಿಂದ, ಸ್ವಾತಿ 24ರ ಸುಮಾರಿನಿಂದ. ಈಗ ಪಂಚಾಂಗವನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಚಿತ್ತಾ ನಕ್ಷತ್ರದ ಎರಡು ಪಾದ ಕನ್ಯೆಯಲ್ಲಿ, ಎರಡು ಪಾದ ತುಲೆಯಲ್ಲಿ. ಆದುದರಿಂದ ಸೂರ್ಯನು ತುಲೆಗೆ ಕಾಲಿಡುವ ಗಳಿಗೆ, ಎಂದರೆ ತೀರ್ಥೋದ್ಭವದ ಗಳಿಗೆ, ಚಿತ್ತೆಯ ಮಳೆಯ ನಟ್ಟನಡುವೆಯೇ ಬಂದು ಕೂರುತ್ತದೆ. ಅದೂ ಪ್ರತಿವರ್ಷ ಸುಮಾರು ಆರು ಗಂಟೆ ಮುಂದಕ್ಕೆ ಸರಿಯುತ್ತ ಹೋಗುತ್ತದೆ. 2023ರಲ್ಲಿ ರಾತ್ರಿ ಒಂದೂವರೆಯ ಸುಮಾರು. 2024ರಲ್ಲಿ ಬೆಳಿಗ್ಗೆ ಎಂಟರೊಳಗೆ. 2025ರಲ್ಲಿ ಮಧ್ಯಾಹ್ನ ಎರಡರೊಳಗೆ. ಹೀಗೆ ನಾಲ್ಕು ವರ್ಷಗಳಲ್ಲಿ ಎರಡು ಬಾರಿಯಾದರೂ ಕತ್ತಲೆಯಲ್ಲಿ ನೆರವೇರುವ ಉತ್ಸವವಿದು. ಎಪ್ಪತ್ತು ದಾಟಿದ ತಾಯಿಯನ್ನು ಕೂರಿಸಿಕೊಂಡು, ಮಂಜು ಕವಿದ ಭಾಗಮಂಡಲದ ತಿರುವುಗಳಲ್ಲಿ, ಸಾಲುಗಟ್ಟಿ ನಿಂತ ವಾಹನಗಳ ನಡುವೆ ಅಪರಾತ್ರಿ ಹಿಂದಿರುಗುವುದು ಯಾವ ಪುಣ್ಯದ ಲೆಕ್ಕಕ್ಕೂ ಸೇರಲಾರದು.

ಹಾಗೆಂದು ಹಿರಿಯಾಕೆಯ ಹಂಬಲವನ್ನು ತಳ್ಳಿಹಾಕಬೇಕಾಗಿಲ್ಲ. ಕಾವೇರಿಯ ಸ್ನಾನಕ್ಕೆ ತುಲಾಮಾಸವೆಲ್ಲ ಶ್ರೇಷ್ಠವೇ. ಜಾತ್ರೆಯೂ ತಿಂಗಳುದ್ದ ನಡೆದು, ನವೆಂಬರ್ ನಡುವಿನಲ್ಲಿ ಕಿರು ಸಂಕ್ರಮಣಕ್ಕೆ ಮುಗಿಯುತ್ತದೆ. ಸಂಕ್ರಮಣವಾಗಿ ಹತ್ತು ಹನ್ನೆರಡು ದಿನಗಳ ಮೇಲೆ ಹೋದವರಿಗೆ ಕುಂಡಿಕೆಯ ಬಳಿ ಜನಜಂಗುಳಿ ಕಡಿಮೆ. ಕೂತು ಜಪ ಮಾಡುವಷ್ಟು ಪುರುಸೊತ್ತೂ ದೊರೆಯುತ್ತದೆ. ದಸರೆಯ ರಜಕ್ಕೆ ಮೈಸೂರು ಸಾಕು. ದೀಪಾವಳಿ ಬಹುಮಟ್ಟಿಗೆ ಚಿತ್ತೆಯನ್ನು ಹಿಂದೆ ಹಾಕಿಯೇ ಬರುತ್ತದೆ. ಕೊಡಗಿಗೆ ಅದನ್ನು ಇಟ್ಟುಕೊಳ್ಳುವುದು ಲೇಸು. ಮಕ್ಕಳು ಮೊದಲ ದಿನ ಮುಖ ಊದಿಸಿಕೊಳ್ಳುವರೆಂಬುದನ್ನು ಮಾತ್ರ ಒಪ್ಪಬೇಕು.

ದಿನವನ್ನು ನಿಶ್ಚಯಿಸುವ ಮುನ್ನ ಈ ನಾಲ್ಕು ತಾಲ್ಲೂಕಿನವರಿಗೆ ಉಳಿದವರಿಗಿಲ್ಲದ ಒಂದು ಅನುಕೂಲವಿದೆ. ಬೆಟ್ಟದ ಸುದ್ದಿಯನ್ನು ಹೊತ್ತ ನದಿಗಳು ಅವರ ಊರ ಮುಂದೆಯೇ ಹರಿಯುತ್ತವೆ. ಆದರೆ ಎಲ್ಲ ನದಿಯ ಮಾತನ್ನೂ ಒಂದೇ ಸಮನಾಗಿ ನಂಬಲಾಗದು. ಹೆಗ್ಗಡದೇವನಕೋಟೆಯ ಕಪಿಲೆ ಬರುವುದು ವಯನಾಡಿನಿಂದ. ಬೀಚನಹಳ್ಳಿಯ ಅಣೆಕಟ್ಟಿನ ಕೆಳಗೆ ಅದು ಹೇಳುವುದು ಬಾಗಿಲು ತೆರೆದವರ ಮಾತು. ಕೃಷ್ಣರಾಜನಗರದವರು ಚುಂಚನಕಟ್ಟೆಯಲ್ಲಿ ಕಾಣುವ ಕಾವೇರಿಯಲ್ಲಿ ಹಾರಂಗಿ ಜಲಾಶಯದಿಂದ ಬಿಟ್ಟ ನೀರೂ ಬೆರೆತಿರುತ್ತದೆ; ಧುಮುಕು ಜೋರಾಗಿದೆಯೆಂದ ಮಾತ್ರಕ್ಕೆ ಬೆಟ್ಟದಲ್ಲಿ ಮಳೆಯೆನ್ನುವಂತಿಲ್ಲ. ಹುಣಸೂರಿನ ಲಕ್ಷ್ಮಣತೀರ್ಥವೇ ಹೆಚ್ಚು ಪ್ರಾಮಾಣಿಕ. ಇರ್ಪಿನ ಬೆಟ್ಟದಲ್ಲಿ ಹುಟ್ಟಿ ದಕ್ಷಿಣ ಕೊಡಗನ್ನು ಹಾದು ಬರುವ ಈ ನದಿಗೆ ಹನಗೋಡಿನ ಅಣೆಯಂಥವುಗಳಿವೆಯೇ ಹೊರತು, ನೀರನ್ನು ಹಿಡಿದಿಟ್ಟು ಬಣ್ಣ ತಿಳಿಯಾಗಿಸುವ ದೊಡ್ಡ ಜಲಾಶಯವಿಲ್ಲ. ಹುಣಸೂರಿನಲ್ಲಿ ನಾಲ್ಕು ದಿನ ಮಳೆಯಿಲ್ಲದಿದ್ದರೂ ಸೇತುವೆಯ ಕೆಳಗೆ ಕೆನ್ನೀರು ಹರಿಯುತ್ತಿದ್ದರೆ, ಮೇಲೆ ಮಣ್ಣು ಇನ್ನೂ ಕೊಚ್ಚುತ್ತಿದೆಯೆಂದು ಅರ್ಥ. ಪೆಟ್ಟಿಗೆ ಕಟ್ಟುವುದನ್ನು ಮುಂದಕ್ಕೆ ಹಾಕಬೇಕು. ಮಡಿಕೇರಿಯ ಕಡೆಯ ಸ್ಥಿತಿಗೆ ಮಾತ್ರ ಅಲ್ಲಿಯ ಪರಿಚಯಸ್ಥರಿಗೆ ದೂರವಾಣಿ ಮಾಡಿ ವಿಚಾರಿಸುವುದೇ ಸರಿ.

ದಾರಿ ಎರಡು. ಕುಶಾಲನಗರದ್ದು ಹೆದ್ದಾರಿ. ಹುಣಸೂರಿನಿಂದ ಪಂಚವಳ್ಳಿ, ಆನೆಚೌಕೂರು, ತಿತಿಮತಿಯ ಮೇಲೆ ಗೋಣಿಕೊಪ್ಪಲಿಗೆ ಹೋಗುವುದು ಕಾಡಿನ ದಾರಿ. ಸೊಗಸಾದದ್ದು, ಆದರೆ ಆನೆಯ ಸಂಚಾರವಿರುವುದರಿಂದ ಸಂಜೆಗೆ ಮೊದಲೇ ದಾಟತಕ್ಕದ್ದು. ನಾಗರಹೊಳೆಯ ಒಳಗಿನ ರಸ್ತೆಯಂತೂ ರಾತ್ರಿ ಮುಚ್ಚಿರುತ್ತದೆ. ಯಾವ ದಾರಿಯಾದರೂ ಮುಂಜಾನೆ ಹೊರಟು, ಗುಡುಗು ಶುರುವಾಗುವ ಮುಂಚೆ ತಂಗುವ ಮನೆ ಸೇರಬೇಕು. ಆ ಮನೆಯನ್ನು ಗೊತ್ತುಮಾಡುವಾಗ ಕಿಟಕಿಯಿಂದ ಕಣಿವೆ ಕಾಣುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಮನೆಯ ಹಿಂದೆ ಏನಿದೆ ಎಂದು ಕೇಳುವವರು ವಿರಳ. ಹಿಂಬದಿಯ ಗುಡ್ಡವನ್ನು ನೆಟ್ಟಗೆ ಕಡಿದು ಕಟ್ಟಿದ ಹೊಸ ಮನೆಗಿಂತ, ತೋಟದ ಮಟ್ಟಸ ನೆಲದ ಹಳೆಯ ಮನೆ ಸಾವಿರ ಪಾಲು ಮೇಲು.

ಉಳಿದದ್ದು ಗಂಟಿನ ಮಾತು. ಕಂಬಳಿ, ಸ್ವೆಟರು, ಕೊಡೆ, ಹಿರಿಯರ ಔಷಧಿ ಎರಡು ದಿನಕ್ಕೆ ಹೆಚ್ಚಾಗಿಯೇ ಇರಲಿ. ಕಾಫಿ ತೋಟದಲ್ಲಿ ಓಡಾಡುವ ಮಕ್ಕಳ ಕಾಲಿಗೆ ಇಂಬಳ ಹತ್ತದೆ ಬಿಡುವುದಿಲ್ಲ. ಉಪ್ಪಿನ ಗಂಟು ಒಂದು ಉಪಾಯ. ಹೊಗೆಸೊಪ್ಪು ನೆನೆಹಾಕಿದ ನೀರನ್ನು ಕಾಲುಚೀಲಕ್ಕೆ ಸವರಿಕೊಳ್ಳುವುದು ಇನ್ನೊಂದು. ಹುಣಸೂರು, ಪಿರಿಯಾಪಟ್ಟಣಗಳ ಸಂಸಾರಗಳು ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ.